ಏಟು ಬೀಳುವ ಮುಂಚಿನ ಹೊತ್ತು



ಇವತ್ತು ಜಪಾನಿನ ಒಂದು ಹಳೆಯ ಕಾರ್ಟೂನ್ ಧಾರಾವಾಹಿಯ ಬಗ್ಗೆ ಮಾತಾಡುತ್ತೇನೆ. ಹೆಸರು ‘ಡ್ರ್ಯಾಗನ್ ಬಾಲ್ ಝಡ್’. ಹಿರಿಯ ಕೇಳುಗರಿಗೆ ಈ ಹೆಸರು ಹೊಸದಿರಬಹುದು. ಆದರೆ ಮೂವತ್ತು ದಾಟಿದ ಮಗನೋ ಮಗಳೋ ಮನೆಯಲ್ಲಿದ್ದರೆ ಕೇಳಿ ನೋಡಿ. ಅದರ ನಾಯಕ ಗೊಕು ಎದುರಾಳಿಯ ಮೇಲೆ ಶಕ್ತಿ ಹಾಯಿಸುವಾಗ ಮಾಡುವಂತೆ ಎರಡೂ ಅಂಗೈ ಜೋಡಿಸಿ ಸೊಂಟದ ಪಕ್ಕಕ್ಕೆ ಎಳೆದು, ಉಸಿರು ಕಟ್ಟಿ, ‘ಕಾ... ಮೆ... ಹಾ... ಮೆ...’ ಎಂದು ಒಂದೊಂದೇ ಅಕ್ಷರ ಎಳೆಯುತ್ತಾ ಕೊನೆಗೆ ಕೈ ಮುಂದಕ್ಕೆ ಚಾಚಿ ಕೂಗುತ್ತಾರೆ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈ ಕಥೆಯನ್ನು ಬರೆದವರು ಅಕಿರ ತೊರಿಯಾಮ. 1984ರಿಂದ 1995ರವರೆಗೆ ಅವರು ಒಂದು ವಾರಪತ್ರಿಕೆಯಲ್ಲಿ ವಾರವಾರವೂ ಬಿಡಿಸಿದ ಚಿತ್ರಕಥೆ ‘ಡ್ರ್ಯಾಗನ್ ಬಾಲ್’. ಅದರ ದೊಡ್ಡ ಭಾಗವನ್ನು ತೊಯೆಯ್ ಅನಿಮೇಷನ್ ಸಂಸ್ಥೆ ‘ಝಡ್’ ಎಂದು ಸೇರಿಸಿ ಟಿವಿಗೆ ಮಾಡಿತು. 1989ರ ಏಪ್ರಿಲ್‌ನಿಂದ 1996ರ ಜನವರಿವರೆಗೆ 291 ಕಂತು. 2024ರ ಮಾರ್ಚ್ 1ರಂದು ತೊರಿಯಾಮ ತೀರಿಕೊಂಡರು, 68 ವರ್ಷ. ಸುದ್ದಿ ಹೊರಬಿದ್ದಿದ್ದು ಒಂದು ವಾರ ಕಳೆದು. ಅದನ್ನು ಓದಿದ ದಿನವೇ ನಾನೂ ನನ್ನ ತಮ್ಮನೂ ಮೊದಲ ಕಂತಿನಿಂದ ಮತ್ತೆ ನೋಡೋಣ ಎಂದುಕೊಂಡೆವು. ನನ್ನ ಮಗಳು ನಾಲ್ಕನೇ ಕ್ಲಾಸು, ಅವಳೂ ಬಂದು ಪಕ್ಕದಲ್ಲಿ ಕೂತಳು.

ನಾವಿರುವುದು ಪುಟ್ಟೇನಹಳ್ಳಿಯಲ್ಲಿ, ಜೆ.ಪಿ. ನಗರ ಏಳನೇ ಹಂತದ ಹತ್ತಿರ. ನಾನೂ ತಮ್ಮನೂ ಚಿಕ್ಕವರಿದ್ದಾಗಲೂ ಇಲ್ಲೇ ಇದ್ದೆವು. ಈಗ ಕೆರೆಯ ಸುತ್ತ ಓಡಾಡುವವರಿಗೆ ನೇರಳೆ ಜಂಬುಕೋಳಿ, ನೀರುಕಾಗೆ ಕಾಣುತ್ತವೆ. ಆಗ ಆ ಕೆರೆ ಬಹುಮಟ್ಟಿಗೆ ಸತ್ತೇ ಹೋಗಿತ್ತು. 2010ರಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟು ಕಟ್ಟಿಕೊಂಡು ಆ ಹದಿಮೂರು ಎಕರೆ ಚಿಲ್ಲರೆ ಜಾಗವನ್ನು ಉಳಿಸಿಕೊಂಡರು. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಒಣಗಿದ ಅಂಚಿನಲ್ಲಿ ಹುಡುಗರೆಲ್ಲ ಸೇರಿ ಗೊಕು ಮತ್ತು ಅವನ ಎದುರಾಳಿ ವೆಜಿಟನ ಆಟ ಆಡುತ್ತಿದ್ದರು. ಮಣ್ಣುಹೆಂಟೆಗಳಿದ್ದ ಆ ಬಯಲು ಟಿವಿಯಲ್ಲಿ ಕಾಣುವ ಕಾಳಗದ ಬಯಲಿನ ಹಾಗೇ ಇತ್ತು. ಗೊಕು ಯಾರಾಗಬೇಕು ಎನ್ನುವುದಕ್ಕೇ ಅರ್ಧ ಸಂಜೆ ಜಗಳ.

ಆಗ ನಾವು ನೋಡಿದ್ದು ಕನ್ನಡದಲ್ಲಲ್ಲ. ಮೊದಲು ಇಂಗ್ಲಿಷ್, ಆಮೇಲೆ ಹಿಂದಿ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ ಚಳವಳಿ 1960ರ ದಶಕದಲ್ಲಿ ಹುಟ್ಟಿತು. ಅವತ್ತಿನ ಕನ್ನಡ ಚಿತ್ರರಂಗ ಉಳಿಯಲು ಅದು ಬೇಕಿತ್ತು ಎಂದು ನಾನು ನಂಬುತ್ತೇನೆ. ಆದರೆ ಆ ಅಲಿಖಿತ ಕಟ್ಟಳೆ ಮಕ್ಕಳ ಕಾರ್ಟೂನಿನವರೆಗೂ ಚಾಚಿತ್ತು. ಕನ್ನಡದಲ್ಲಿ ಕಾರ್ಟೂನ್ ತೋರಿಸಲೆಂದೇ ಚಿಂಟು ಟಿವಿ ಬಂದದ್ದು 2009ರಲ್ಲಿ. ಅಷ್ಟರಲ್ಲಿ ನಮ್ಮ ಬಾಲ್ಯ ಮುಗಿದಿತ್ತು.

ಹಾಗಾಗಿ ಮನೆಮನೆಯಲ್ಲೂ ಕನ್ನಡ ಹೇಳುವ ಕೆಲಸವನ್ನು ಮಕ್ಕಳೇ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅದು ಅಜ್ಜಿಗೋಸ್ಕರ. ಅಮ್ಮನ ತಾಯಿ ಅವರು, ಪುತ್ತೂರಿನ ಕಡೆಯವರು. ಸಂಜೆ ನಮ್ಮ ಜೊತೆ ಕೂತು ನೋಡುತ್ತಿದ್ದರು. ನನಗೆ ಅರ್ಥವಾದಷ್ಟು ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದೆ, ಆಗದ್ದನ್ನು ಮುಖ ನೋಡಿ ಊಹಿಸಿ ತುಂಬುತ್ತಿದ್ದೆ. ಕೆಲವಕ್ಕೆ ಅಜ್ಜಿಗೆ ನಾನು ಬೇಕಾಗಿರಲಿಲ್ಲ. ಸತ್ತ ಗೊಕು ಪರಲೋಕಕ್ಕೆ ಹೋದಾಗ ಅಲ್ಲೊಂದು ದೊಡ್ಡ ಕಚೇರಿ. ಗಡ್ಡ, ಕೊಂಬಿನ ಕಿರೀಟ, ಕೆಂಪು ಮೈ, ಬೆಟ್ಟದಷ್ಟು ಎತ್ತರದ ಒಬ್ಬ ಅಧಿಕಾರಿ ಮೇಜಿನ ಹಿಂದೆ ಕೂತು ಕಡತ ತಿರುಗಿಸಿ, ಯಾರು ಸ್ವರ್ಗಕ್ಕೆ ಯಾರು ನರಕಕ್ಕೆ ಎಂದು ಠಸ್ಸೆ ಹೊಡೆದು ಕಳಿಸುತ್ತಾನೆ. “ಯಮ ಅಲ್ವಾ ಮಗಾ ಅದು?” ಅಂದರು ಅಜ್ಜಿ. ನಿಜವಾಗಿಯೂ ಯಮನೇ. ಬೌದ್ಧರ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ದಾಟಿದ ನಮ್ಮ ಯಮಧರ್ಮರಾಯ.

ಗೊಕು ಕೂಡ ಹೀಗೇ ದೂರದಿಂದ ಬಂದವನು. ಹದಿನಾರನೇ ಶತಮಾನದ ಚೀನೀ ಕಾದಂಬರಿ ‘ಪಶ್ಚಿಮ ಯಾತ್ರೆ’ಯಲ್ಲಿ ಮೋಡದ ಮೇಲೆ ಹಾರುವ, ಬೇಕಾದಷ್ಟು ಬೆಳೆಯುವ ಕೋಲು ಹಿಡಿದ ಕಪಿವೀರನೊಬ್ಬ ಇದ್ದಾನೆ. ತೊರಿಯಾಮ ತಮ್ಮ ಬಾಲವುಳ್ಳ ಹುಡುಗನನ್ನು ಕಟ್ಟಿದ್ದು ಅವನನ್ನು ಮುಂದಿಟ್ಟುಕೊಂಡು, ಹೆಸರೂ ಅವನದೇ. ಆ ಕಪಿಗೆ ನಮ್ಮ ಹನುಮಂತ ಮೂಲವೇ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಆದರೆ ಕಾದಂಬರಿಯಲ್ಲಿ ಆ ಕಪಿ ಕಾಯುವ ಸನ್ಯಾಸಿ ಮಾತ್ರ ಇತಿಹಾಸದ ವ್ಯಕ್ತಿ: ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ ಹ್ಯೂಯೆನ್‌ತ್ಸಾಂಗ್. ಏಳನೇ ಶತಮಾನದಲ್ಲಿ ಅವನು ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಸೀಮೆಗೂ ಬಂದಿದ್ದ. ಅಲ್ಲಿನ ಜನರ ಬಗ್ಗೆ ಅವನು ಬರೆದಿಟ್ಟ ಮಾತುಗಳಿವೆ. ಉಪಕಾರ ಮರೆಯದವರು, ಅವಮಾನ ಸಹಿಸದವರು. ಸೇಡು ತೀರಿಸಿಕೊಳ್ಳುವುದಿದ್ದರೆ ಮೊದಲೇ ಎದುರಾಳಿಗೆ ತಿಳಿಸುತ್ತಾರೆ, ಇಬ್ಬರೂ ಆಯುಧ ಹಿಡಿದ ಮೇಲೆಯೇ ಕಾದಾಡುತ್ತಾರೆ, ಶರಣಾದವನನ್ನು ಕೊಲ್ಲುವುದಿಲ್ಲ, ಎಂದು. ಇದನ್ನು ಓದಿ ಆಮೇಲೆ ಡ್ರ್ಯಾಗನ್ ಬಾಲ್ ನೋಡಿದರೆ ಗೊಕುವಿನ ನಡವಳಿಕೆಗೆಲ್ಲ ಒಂದು ಹಳೆಯ ನಂಟು ಕಂಡಂತಾಗುತ್ತದೆ. ಪುಲಕೇಶಿಯ ನಾಡನ್ನು ತೊರಿಯಾಮ ಬಲ್ಲವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ವೀರನಿಗೆ ಒಂದು ಮರ್ಯಾದೆ ಇದೆ ಎನ್ನುವ ತಿಳಿವಳಿಕೆ ಎರಡು ಕಡೆಯೂ ಒಂದೇ.

ಒಂದು ದೃಶ್ಯ ಹೇಳುತ್ತೇನೆ. ವೆಜಿಟ ಎಂಬ ರಾಜಕುಮಾರ ಭೂಮಿಯನ್ನು ನಾಶ ಮಾಡಲು ಬಂದಿದ್ದಾನೆ, ಸೋತಿದ್ದಾನೆ. ಎದ್ದು ನಿಲ್ಲಲೂ ತ್ರಾಣವಿಲ್ಲ. ತನ್ನ ದುಂಡನೆಯ ಗಗನನೌಕೆಯ ಕಡೆಗೆ ಕೈಯೂರಿ ತೆವಳುತ್ತಿದ್ದಾನೆ. ಗೊಕುವಿನ ಗೆಳೆಯ ಕ್ರಿಲಿನ್ ಕತ್ತಿ ಎತ್ತಿ ಅವನ ಪಕ್ಕದಲ್ಲಿ ನಿಂತಿದ್ದಾನೆ. ಸತ್ತ ಗೆಳೆಯರೆಲ್ಲ ಕ್ರಿಲಿನ್‌ಗೆ ನೆನಪಾಗುತ್ತಾರೆ. ದೂರದಲ್ಲಿ ಮೂಳೆ ಮುರಿದು ಬಿದ್ದಿರುವ ಗೊಕು ಮನಸ್ಸಿನಿಂದಲೇ ಅವನನ್ನು ತಡೆದು, ಬಿಟ್ಟುಬಿಡು ಎನ್ನುತ್ತಾನೆ. ಕತ್ತಿ ಗಾಳಿಯಲ್ಲೇ ನಡುಗುತ್ತದೆ. ನಮ್ಮ ಸೋಫಾದ ಮೇಲೆ ಮಗಳು “ಹೊಡಿ, ಹೊಡಿ” ಎಂದು ಎದ್ದು ನಿಂತಿದ್ದಳು. ಅವಳ ವಯಸ್ಸಿನಲ್ಲಿ ನಾವೂ ಹೀಗೇ ಕೂಗಿದ್ದೆವು. ಈಗ ತಮ್ಮನೂ ನಾನೂ ಉಸಿರೆತ್ತಲಿಲ್ಲ. ಆ ವೆಜಿಟ ಮುಂದೆ ಏನಾಗುತ್ತಾನೆ ಎಂದು ನಮಗೆ ಗೊತ್ತು. ಭೂಮಿಯಲ್ಲೇ ಸಂಸಾರ ಹೂಡುತ್ತಾನೆ, ಮಗನಿಗೆ ಅಪ್ಪನಾಗುತ್ತಾನೆ, ಒಂದು ದಿನ ಹೆಂಡತಿ, ಮಗನಿಗಾಗಿ ತನ್ನನ್ನೇ ಸುಟ್ಟುಕೊಳ್ಳುತ್ತಾನೆ. ಎತ್ತಿದ ಕತ್ತಿ ಕೆಳಗಿಳಿಯುವ ಆ ಒಂದು ಗಳಿಗೆಯಲ್ಲಿ ಅದೆಲ್ಲ ನಿಂತಿದೆ.

ಕಥೆಯ ಕೊನೆ ಗೊತ್ತಿದ್ದು ನೋಡುವುದು ಕನ್ನಡದವರಿಗೆ ಹೊಸದೇನಲ್ಲ. ರನ್ನ ಕವಿ ‘ಗದಾಯುದ್ಧ’ದಲ್ಲಿ ಭೀಮ ದುರ್ಯೋಧನರ ಕಡೆಯ ಕಾಳಗವೊಂದನ್ನು ಎತ್ತಿಕೊಂಡು, ಅಲ್ಲಿ ನಿಂತು ಇಡೀ ಭಾರತವನ್ನು ಹಿಂದಿರುಗಿ ನೋಡಿದ. ಸಿಂಹಾವಲೋಕನ ಎಂದು ನಾವು ಹೇಳುವುದು ಅದನ್ನೇ. ತೊಡೆ ಮುರಿಯುತ್ತದೆ ಎಂದು ಓದುವವರಿಗೆಲ್ಲ ಗೊತ್ತು. ಆದರೂ ಆ ಕಾವ್ಯ ಮುಗಿಯುವ ಹೊತ್ತಿಗೆ ದುರ್ಯೋಧನನಿಗಾಗಿ ಮನಸ್ಸು ಮರುಗುತ್ತದೆ. ಯಾರು ಗೆಲ್ಲುತ್ತಾರೆ ಎಂಬ ಕುತೂಹಲ ಕಳಚಿಬಿದ್ದ ಮೇಲೆಯೇ ಸೋಲುವವನ ಮುಖ ಪೂರ್ತಿ ಕಾಣುವುದು.

ಇನ್ನು, ಈ ಧಾರಾವಾಹಿಯ ಮೇಲೆ ಎಲ್ಲರೂ ಹೇಳುವ ಒಂದು ದೂರು ಇದೆ: ನಿಧಾನ. ಸುಳ್ಳಲ್ಲ. ಫ್ರೀಜಾ ಎಂಬ ದುಷ್ಟ ಒಂದು ಗ್ರಹದ ಒಡಲನ್ನು ಸೀಳಿ, ಇನ್ನು ಐದು ನಿಮಿಷಕ್ಕೆ ಇದು ಸಿಡಿಯುತ್ತದೆ ಎನ್ನುತ್ತಾನೆ. ಆ ಐದು ನಿಮಿಷ ಒಂಬತ್ತು ಹತ್ತು ಕಂತು ನಡೆಯುತ್ತದೆ! ಕಾರಣ ಸರಳ. ತೊರಿಯಾಮ ವಾರಕ್ಕೆ ಒಂದು ಅಧ್ಯಾಯ ಬಿಡಿಸುತ್ತಿದ್ದರು, ಟಿವಿಯವರು ವಾರಕ್ಕೆ ಒಂದು ಕಂತು ತೋರಿಸಬೇಕಿತ್ತು. ಟಿವಿ ಪತ್ರಿಕೆಯನ್ನು ದಾಟಿಬಿಡುವ ಹಾಗಿಲ್ಲ. ಹಾಗಾಗಿ ಎಳೆದರು. ಒಂದೇ ಚಿತ್ರವನ್ನು ಹಿಡಿದು ಕ್ಯಾಮೆರಾವನ್ನು ಮೆಲ್ಲಗೆ ಸರಿಸುವುದು, ಹಿನ್ನೆಲೆಯಲ್ಲಿ ಗೆರೆಗಳನ್ನು ಓಡಿಸಿ ವೇಗ ತೋರಿಸುವುದು, ಹಲ್ಲು ಕಚ್ಚಿದ ಮುಖ, ಬೆವರಿನ ಹನಿ, ಉರುಳುವ ಕಲ್ಲು. ಎಲ್ಲವನ್ನೂ ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲಿ ಬಣ್ಣ ಹಚ್ಚಿದ ಕಾಲ ಅದು. ತೊರಿಯಾಮ ಕೂಡ ಕೆಲಸ ಉಳಿಸಲು ದಾರಿ ಹುಡುಕುತ್ತಿದ್ದರು. ಗೊಕುವಿನ ಕಪ್ಪು ಕೂದಲಿಗೆ ಪ್ರತಿ ಚೌಕದಲ್ಲೂ ಶಾಯಿ ತುಂಬುವುದು ಸಹಾಯಕನಿಗೆ ಸಾಕುಸಾಕಾಗುತ್ತಿತ್ತು. ಆವೇಶ ಬಂದಾಗ ಕೂದಲು ಬೆಳ್ಳಗಾಗುವಂತೆ ಮಾಡಿದ ಮೇಲೆ ಶಾಯಿ ಹಚ್ಚುವ ಕೆಲಸ ತಪ್ಪಿತು. ಟಿವಿಗೆ ಬಂದಾಗ ಅದೇ ಹೊನ್ನಿನ ಬಣ್ಣವಾಗಿ ಉರಿಯಿತು. ಜಗತ್ತಿನ ಮಕ್ಕಳೆಲ್ಲ ಮೈಮರೆತ ಆ ಚಿನ್ನದ ಜಟೆ ಹುಟ್ಟಿದ್ದು ಹೀಗೆ.

2009ರಲ್ಲಿ ಈ ಎಳೆದಾಟವನ್ನೆಲ್ಲ ಕತ್ತರಿಸಿ ‘ಕಾಯ್’ ಎಂಬ ಹೊಸ ಆವೃತ್ತಿ ಮಾಡಿದರು. ಸೆಲ್ ಎಂಬ ರಾಕ್ಷಸನ ಕಥೆ ಮುಗಿಯುವವರೆಗೆ 194 ಕಂತುಗಳಿದ್ದದ್ದು ನೂರರೊಳಗೆ ಇಳಿಯಿತು. ಕಥೆಗೆ ಅದರಿಂದ ಏನೂ ನಷ್ಟವಾಗಿಲ್ಲ. ಆದರೂ ನಮ್ಮ ಮನೆಯಲ್ಲಿ ನಾವು ನೋಡಿದ್ದು ಹಳೆಯ ಉದ್ದದ್ದನ್ನೇ, ಅದನ್ನೇ ನೋಡಿ ಎಂದು ಹೇಳುತ್ತೇನೆ. ಯಾಕೆಂದರೆ ಆ ಎಳೆದಾಟದಲ್ಲಿ ಕಾಳಗದ ಸುತ್ತ ನಿಂತವರಿಗೆ ಜಾಗ ಸಿಗುತ್ತದೆ. ಗೊಕುವೂ ಅವನ ಹಳೆಯ ವೈರಿ ಪಿಕೊಲೊವೂ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಗೆ ಹೋಗುವ ಒಂದು ಕಂತಿದೆ. ಮೂಲ ಚಿತ್ರಕಥೆಯಲ್ಲಿ ಅದಿಲ್ಲ, ಹೊತ್ತು ತುಂಬಲು ಟಿವಿಯವರು ಸೇರಿಸಿದ್ದು. ಆಕಾಶದಲ್ಲಿ ಹಾರಬಲ್ಲ ಇಬ್ಬರು ಸ್ಟೀರಿಂಗ್ ಹಿಡಿದು ಬೆವರುತ್ತಾರೆ. ಅವರನ್ನು ಕಳಿಸಿದವಳು ಗೊಕುವಿನ ಹೆಂಡತಿ ಚಿಚಿ. ಈ ಚಿಚಿಯನ್ನು ಮಕ್ಕಳಾಗಿ ನಾವು ಇಷ್ಟಪಡುತ್ತಿರಲಿಲ್ಲ, ಯಾವಾಗಲೂ ಮಗ ಗೊಹಾನನಿಗೆ ಓದು ಓದು ಎನ್ನುತ್ತಾಳೆಂದು. ಜಗತ್ತೇ ಮುಳುಗುತ್ತಿದ್ದರೂ ಅವಳಿಗೆ ಹೋಂವರ್ಕಿನ ಚಿಂತೆ. ಆದರೆ ಆ ಮನೆಯಲ್ಲಿ ಮಗುವನ್ನು ಮಗುವೆಂದು ನೋಡುವವಳು ಅವಳೊಬ್ಬಳೇ. ಗೊಹಾನ್ ದೊಡ್ಡವನಾಗಿ ಓದಿನ ದಾರಿಯನ್ನೇ ಹಿಡಿಯುತ್ತಾನೆ.

ಅಜ್ಜಿಗೆ ಈ ನಿಧಾನ ಎಂದೂ ಬೇಸರ ತರಿಸಲಿಲ್ಲ. ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ ಕೇಳುತ್ತಿದ್ದವರು ಅವರು. ತಾಳಮದ್ದಳೆ ಗೊತ್ತಿಲ್ಲದ ಕೇಳುಗರಿಗೆ ಹೇಳುವುದಾದರೆ, ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ‘ವಾಲಿಮೋಕ್ಷ’ದಲ್ಲಿ ಬಾಣ ನೆಟ್ಟು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳಲು ಶುರುಮಾಡಿದರೆ ಗಂಟೆಗಟ್ಟಲೆ ಹೋಗುತ್ತದೆ. ಕಾಸರಗೋಡಿನ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯೆಲ್ಲ ಕೂರುತ್ತಿದ್ದರು. ವಾಲಿ ಸಾಯುತ್ತಾನೆ ಎಂದು ಗೊತ್ತಿಲ್ಲದವರು ಆ ಸಭೆಯಲ್ಲಿ ಯಾರಿದ್ದರು? ಅಲ್ಲಿ ಕೇಳಬೇಕಾದ್ದು ಬಾಣಕ್ಕೂ ಸಾವಿಗೂ ನಡುವಿನ ಮಾತು. ಫ್ರೀಜಾನ ಐದು ನಿಮಿಷವನ್ನು ಅಜ್ಜಿ ಅದೇ ಕಿವಿಯಿಂದ ಕೇಳುತ್ತಿದ್ದರು. “ಈಗ ಅವನು ಏನಂದ?” ಎಂದು ನನ್ನನ್ನು ಪೀಡಿಸುತ್ತಿದ್ದರು. ಯಾರು ಯಾರಿಗೆ ಹೊಡೆದರು ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ.

ಈಗ ನೋಡುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ. ಸೆಲ್ ಎಂಬ ರಾಕ್ಷಸ ಪಂದ್ಯಾಟ ಏರ್ಪಡಿಸಿದ್ದಾನೆ, ಸೋತರೆ ಭೂಮಿ ಇರುವುದಿಲ್ಲ. ಗೊಕು ಸ್ವಲ್ಪ ಹೊತ್ತು ಕಾದಾಡಿ, ನನ್ನಿಂದಾಗದು ಎಂದು ಕೆಳಗಿಳಿಯುತ್ತಾನೆ. ತನ್ನ ಬದಲು ಮಗನನ್ನು ಕಳಿಸುತ್ತಾನೆ. ಗೊಹಾನ್ ಆಗ ಹತ್ತು ಹನ್ನೊಂದರ ಹುಡುಗ. ಅವನೊಳಗೆ ತನಗಿಂತ ಹೆಚ್ಚಿನ ಶಕ್ತಿಯಿದೆ, ಸಿಟ್ಟು ಬಂದರೆ ಅದು ಹೊರಗೆ ಬರುತ್ತದೆ ಎಂಬುದು ಅಪ್ಪನ ಲೆಕ್ಕ. ಪಂದ್ಯ ಸಮನಾಗಿರಲಿ ಎಂದು ಶತ್ರುವಿಗೆ ತ್ರಾಣ ಕೊಡುವ ಬೀಜವನ್ನೂ ಎಸೆಯುತ್ತಾನೆ! ಹುಡುಗನಿಗೆ ಏಟು ಬೀಳುತ್ತದೆ. ಅಪ್ಪ ಬಂಡೆಯ ಮೇಲೆ ನಿಂತು ನೋಡುತ್ತಾನೆ.

“ಅಮ್ಮಾ, ಅವರಪ್ಪ ಯಾಕೆ ಸುಮ್ನೆ ನಿಂತಿದಾರೆ?” ಅಂದಳು ಮಗಳು.

“ಇರು ಪುಟ್ಟಿ, ಈಗ ಕೇಳ್ತಾನೆ ನೋಡು” ಅಂದ ನನ್ನ ತಮ್ಮ.

“ಯಾರು ಮಾಮ?”

“ಅವನೇ, ಹಸಿರು ಬಣ್ಣದವನು.”

ಹಸಿರು ಬಣ್ಣದವನು ಪಿಕೊಲೊ. ಒಂದು ಕಾಲಕ್ಕೆ ಗೊಕುವನ್ನು ಕೊಲ್ಲಲೆಂದೇ ಹುಟ್ಟಿದವನು. ಇದೇ ಗೊಹಾನನನ್ನು ನಾಲ್ಕು ವರ್ಷದ ಕೂಸಾಗಿದ್ದಾಗ ಎತ್ತಿಕೊಂಡು ಹೋಗಿ ಕಾಡಿನಲ್ಲಿ ಬಿಟ್ಟು ಯುದ್ಧ ಕಲಿಸಿದವನು. ಕಲಿಸುತ್ತಾ ಕಲಿಸುತ್ತಾ ಅವನಿಗೇ ತಿಳಿಯದಂತೆ ಆ ಕೂಸು ಮನಸ್ಸಿಗೆ ಹತ್ತಿತ್ತು, ಒಮ್ಮೆ ಅದನ್ನು ಉಳಿಸಲು ಅಡ್ಡ ನಿಂತು ಪ್ರಾಣವನ್ನೂ ಕೊಟ್ಟಿದ್ದ. ಈಗ ಅವನು ಗೊಕುವಿನ ಕಡೆ ತಿರುಗುತ್ತಾನೆ. ನಿನ್ನ ಮಗ ನಿನ್ನ ಹಾಗಲ್ಲ, ಅವನಿಗೆ ಕಾಳಗದಲ್ಲಿ ಸುಖವಿಲ್ಲ; ಅವನೀಗ ಲೋಕ ಉಳಿಸುವ ಮಾತು ಯೋಚಿಸುತ್ತಿಲ್ಲ, ನಾನಿಷ್ಟು ಏಟು ತಿನ್ನುತ್ತಿದ್ದರೂ ಅಪ್ಪ ಯಾಕೆ ಬರುತ್ತಿಲ್ಲ ಎಂದು ಯೋಚಿಸುತ್ತಿದ್ದಾನೆ, ಅವನಿನ್ನೂ ಮಗು. ಇಷ್ಟೇ ಅವನ ಮಾತಿನ ಸಾರ. ಗೊಕುವಿನ ಮುಖ ಬಿಳಿಚಿಕೊಳ್ಳುತ್ತದೆ. ಇಂಥ ಯೋಚನೆ ಅವನಿಗೆ ಅದುವರೆಗೆ ಬಂದೇ ಇರಲಿಲ್ಲ.

ಚಿಕ್ಕವಳಿದ್ದಾಗ ಈ ದೃಶ್ಯ ನನ್ನಲ್ಲಿ ಉಳಿದೇ ಇರಲಿಲ್ಲ. ಅದರ ನಂತರ ಹುಡುಗನ ಕೂದಲು ನೆಟ್ಟಗಾಗಿ ಮಿಂಚು ಹರಿಯುವುದಿದೆಯಲ್ಲ, ಅದೊಂದೇ ನೆನಪು. ಮಿಂಚು ಈಗಲೂ ಚೆನ್ನಾಗಿದೆ. ಆದರೆ ಇಡೀ 291 ಕಂತುಗಳಲ್ಲಿ ಮಹಾಭಾರತದ ಪಕ್ಕ ಇಟ್ಟು ನೋಡಬಹುದಾದ ಒಂದು ಜಾಗ ಇದ್ದರೆ ಇದೇ ಎಂದು ನಾನು ಹೇಳುತ್ತೇನೆ. ಚಕ್ರವ್ಯೂಹಕ್ಕೆ ಅಭಿಮನ್ಯುವನ್ನು ಕಳಿಸಿದ ದೊಡ್ಡವರನ್ನು ಯಾರಾದರೂ ಹೀಗೆ ತಡೆದು ನಿಲ್ಲಿಸಿ ಕೇಳಿದ್ದರೆ! ಇಲ್ಲಿ ಕೇಳಿದವನು ಒಬ್ಬ ಹಳೆಯ ಶತ್ರು. ವೀರಕಥೆಯೊಂದು ತನ್ನ ನಾಯಕನನ್ನೇ ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸುವ ಧೈರ್ಯ ಮಾಡಿದೆ.

ಈ ಸಲ ನಾವು ನೋಡಿದ್ದು ಜಪಾನಿ ದನಿಯಲ್ಲಿ, ಕೆಳಗೆ ಇಂಗ್ಲಿಷ್ ಅಕ್ಷರ. ಬಾಲ್ಯದಲ್ಲಿ ಕೇಳಿದ್ದು ಅಮೆರಿಕದಲ್ಲಿ ಮಾಡಿದ ಇಂಗ್ಲಿಷ್. ಅಲ್ಲಿ ಆರಂಭದ ಕಂತುಗಳನ್ನು ಮಕ್ಕಳಿಗೆಂದು ತಿದ್ದಿ, ರಕ್ತ ಅಳಿಸಿ, ಸತ್ತವರು ಬೇರೊಂದು ಲೋಕಕ್ಕೆ ಹೋದರು ಎಂದು ಹೇಳಿಸಿದ್ದರು. ಸಂಗೀತವನ್ನೂ ಬದಲಿಸಿದ್ದರು. ದೊಡ್ಡ ಬದಲಾವಣೆ ಗೊಕುವಿನ ಮಾತಿನದು. ಇಂಗ್ಲಿಷಿನ ಗೊಕು ನ್ಯಾಯ, ಒಳ್ಳೆಯತನ ಎಂದು ಗಂಭೀರವಾಗಿ ಮಾತಾಡುವ ಧೀರೋದಾತ್ತ ನಾಯಕ. ಜಪಾನಿಯ ಗೊಕು ಮಾತಾಡುವುದು ಅಪ್ಪಟ ಹಳ್ಳಿಗನ ಧಾಟಿಯಲ್ಲಿ. ಹೊಟ್ಟೆ ತುಂಬ ಊಟ, ಕೈ ತುಂಬ ಕಾಳಗ, ಅಷ್ಟಿದ್ದರೆ ಅವನಿಗೆ ಲೋಕವೇ ಹಬ್ಬ. ದನಿ ಕೊಟ್ಟವರು ಮಸಾಕೊ ನೊಜಾವ, 1936ರಲ್ಲಿ ಹುಟ್ಟಿದ ಮಹಿಳೆ. ಗೊಹಾನನ ದನಿಯೂ ಅವರದೇ. ಅಂದರೆ ಏಟು ತಿನ್ನುವ ಮಗನ ನರಳಾಟವೂ, ಬಂಡೆಯ ಮೇಲೆ ನಿಂತ ಅಪ್ಪನ ಭರವಸೆಯ ಮಾತೂ ಒಂದೇ ಗಂಟಲಿನಿಂದ ಬರುತ್ತವೆ. ಅದು ಗೊತ್ತಾದ ಮೇಲೆ ಆ ಕಂತನ್ನು ಮತ್ತೊಮ್ಮೆ ಹಾಕಿ, ಕಣ್ಣು ಮುಚ್ಚಿ ಕೇಳಿದೆ.

ಹೀಗೆ ಕೇಳುವಾಗಲೆಲ್ಲ ನನ್ನನ್ನು ಕಾಡುವುದು, ಇದು ಕನ್ನಡದಲ್ಲಿಲ್ಲವಲ್ಲ ಎಂಬುದು. ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಭಾರತದ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿಯಾಗಿದೆ. ಡಬ್ ಆದ ಸಿನಿಮಾಗಳು ಕನ್ನಡದಲ್ಲಿ ಈಗ ಬರುತ್ತಿವೆ. ಆದರೂ 2025ರ ಜನವರಿಯಲ್ಲಿ, ಜಪಾನೀಯರೂ ಭಾರತೀಯರೂ ಸೇರಿ ಮೂವತ್ತು ವರ್ಷದ ಹಿಂದೆ ಮಾಡಿದ ರಾಮಾಯಣದ ಅನಿಮೇಷನ್ ಚಿತ್ರ ಮತ್ತೆ ತೆರೆಗೆ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡವಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಪಾನಿನ ಅನಿಮೇಷನ್ ಚಿತ್ರ ‘ಡೀಮನ್ ಸ್ಲೇಯರ್’ ಬಂದಾಗಲೂ ಹಾಗೇ ಆಯಿತು. ಬೆಂಗಳೂರಿನ ಮಕ್ಕಳು ಕೇಳಲಿಲ್ಲ ಎಂದು ಕೊಡಲಿಲ್ಲವೋ, ಕೊಡಲಿಲ್ಲ ಎಂದು ಮಕ್ಕಳಿಗೆ ಕೇಳಬೇಕೆಂದೇ ತೋಚಲಿಲ್ಲವೋ. ಎರಡೂ ಒಂದನ್ನೊಂದು ಸಾಕುತ್ತಿವೆ.

ಕನ್ನಡಕ್ಕೆ ಬರುವುದಾದರೆ ದಯವಿಟ್ಟು ಎಲ್ಲರಿಗೂ ಒಂದೇ ಪುಸ್ತಕದ ಕನ್ನಡ ಹಾಕಬೇಡಿ ಎಂದು ಮಾಡುವವರನ್ನು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಎಷ್ಟು ಬಗೆಯ ಕನ್ನಡವಿದೆ! ಗೊಕು ಮಂಡ್ಯದ ಹೊಲದಿಂದ ಎದ್ದು ಬಂದವನ ಹಾಗೆ ಮಾತಾಡಲಿ. ವೆಜಿಟ ರಾಜಕುಮಾರ, ಸೊಕ್ಕಿನವನು, ಕಂಪನಿ ನಾಟಕದ ದುರ್ಯೋಧನನ ಠೇಂಕಾರ ಅವನಿಗೆ ಸರಿಹೊಂದುತ್ತದೆ. ಚಿಚಿಗೆ ನಮ್ಮ ಬೆಂಗಳೂರಿನ ಅಮ್ಮಂದಿರ ಕನ್ನಡ ಸಾಕು, ಪುಟ್ಟೇನಹಳ್ಳಿಯ ಯಾವ ಮನೆಯ ಬಾಗಿಲಲ್ಲಿ ನಿಂತರೂ ಸಿಗುತ್ತದೆ. ಪಿಕೊಲೊನಿಗೆ ಮಾತ್ರ ಒಬ್ಬ ಒಳ್ಳೆಯ ಅರ್ಥಧಾರಿಯೇ ಬೇಕು. ದಕ್ಷಿಣ ಕನ್ನಡದಲ್ಲೋ ಕಾಸರಗೋಡಿನಲ್ಲೋ ವಾಲಿಯ ಅರ್ಥ ಹೇಳಿ ಪಳಗಿದವರೊಬ್ಬರನ್ನು ಮೈಕಿನ ಮುಂದೆ ಕೂರಿಸಿ, ಆ ಬಂಡೆಯನ್ನೂ ಏಟು ತಿನ್ನುತ್ತಿರುವ ಹುಡುಗನನ್ನೂ ತೋರಿಸಿ, ಸುಮ್ಮನೆ ನಿಂತಿರುವ ಅಪ್ಪನನ್ನು ಪ್ರಶ್ನಿಸಲು ಬಿಡಬೇಕು.